ಬೀಗ ಹಾಕಿದ ದಿನ

"ಮುಟ್ಟಬೇಡಿ ಮೇಡಂ!"

ತಾತ ಕೂಗಿದ ರಭಸಕ್ಕೆ ಇನ್ಸ್‌ಪೆಕ್ಟರ್ ಚಾಚಿದ ಕೈ ಅರ್ಧದಲ್ಲೇ ನಿಂತಿತು. ಎದುರಿಗೆ ಆಳೆತ್ತರದ ಕಪ್ಪು ಕಪಾಟು. ಅದರೊಳಗೆ ಸಾಲಾಗಿ ಹಸಿರು ದೀಪಗಳು ಪಿಳಿಪಿಳಿ ಎನ್ನುತ್ತಿದ್ದವು. ಒಂದು ಮಾತ್ರ ಕಿತ್ತಳೆ ಬಣ್ಣದ್ದು.

"ಯಾಕೆ, ಕಚ್ಚುತ್ತಾ?"

"ಕಚ್ಚಲ್ಲ. ಆದ್ರೆ ಆ ಡಿಸ್ಕ್ ಈಚೆಗೆ ಬಂದ್ರೆ ನನ್ನ ಅನ್ನ ಹೋಗುತ್ತೆ."

ಆಕೆ ಕೈ ಹಿಂದಕ್ಕೆ ಎಳೆದುಕೊಂಡು ಜೇಬಿಗೆ ತುರುಕಿದಳು. ಕೋಣೆಯೊಳಗಿನ ಚಳಿಗೆ ಹೇಗೂ ಬೆರಳು ಮರಗಟ್ಟಿದ್ದವು. ಇಲಾಖೆಯಲ್ಲಿ ಎಲ್ಲರೂ ಅವಳನ್ನು ಬೆನ್ನ ಹಿಂದೆ ಜಿಗಣೆ ಎಂದು ಕರೆಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಕಚ್ಚಿದ್ದನ್ನು ಬಿಡುವುದಿಲ್ಲ ಎಂಬ ಅರ್ಥದಲ್ಲಿ ತೆಗೆದುಕೊಂಡು ಸುಮ್ಮನಿದ್ದಳು. ಇನ್ನೊಂದು ಅರ್ಥವೂ ಇರಬಹುದೆಂದು ಗಂಡ ಒಮ್ಮೆ ಹೇಳಿ, ಆಮೇಲೆ ಎರಡು ದಿನ ತಾನೇ ಕಾಫಿ ಮಾಡಿಕೊಂಡಿದ್ದ.

ತಾತನಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ತಲೆ ಮಾತ್ರ ಹತ್ತಿಯ ಹಾಗೆ ಬೆಳ್ಳಗಾಗಿತ್ತು. ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನ ಈ ಕಟ್ಟಡದಲ್ಲಿ ವಾಚ್‌ಮನ್‌ನಿಂದ ಡೈರೆಕ್ಟರ್‌ವರೆಗೆ ಎಲ್ಲರಿಗೂ ಅವನು ತಾತನೇ. ಇಲ್ಲಿನ ಕಂಪ್ಯೂಟರುಗಳ ಬ್ಯಾಕಪ್ ನೋಡಿಕೊಳ್ಳುವುದು ಅವನ ಕೆಲಸ.

ದರ್ಜಿಯೊಬ್ಬನ ಹೆಂಡತಿ ಉಸಿರು ಸಿಗದೆ ಒದ್ದಾಡುವಾಗ ಅವನು ಇಲ್ಲಿಗೆ ಫೋನ್ ಮಾಡಿದ್ದ. "ಗಾಡಿ ಹೊರಟಿದೆ" ಎಂಬ ಉತ್ತರ ನಂಬಿ ಕಾದಿದ್ದ. ಗಾಡಿ ಹೊರಟೇ ಇರಲಿಲ್ಲ, ಆಕೆ ಉಳಿಯಲಿಲ್ಲ. ಫೋನ್ ಎತ್ತಿದ್ದ ಹುಡುಗಿ ಈಗ ಲಾಕಪ್ಪಿನಲ್ಲಿದ್ದಳು.

ಆ ಹುಡುಗಿ ಬಂದಾಗಿನಿಂದ ಹೇಳಿದ್ದು ಒಂದೇ ಮಾತು. "ನಾನು ಗಾಡಿ ಕಳಿಸೋ ಬಟನ್ ಒತ್ತಿದೆ ಮೇಡಂ. ಸ್ಕ್ರೀನ್ ಅಲುಗಾಡಲಿಲ್ಲ." ಆದರೆ ಕಂಪ್ಯೂಟರಿನಲ್ಲಿ ಆ ಕರೆಯ ಗುರುತೇ ಇರಲಿಲ್ಲ. ಫೋನ್ ಕಂಪನಿಯವರು ಕರೆ ಬಂದದ್ದು ನಿಜ, ಮಾತಾಡಿದ್ದೂ ನಿಜ ಎಂದಿದ್ದರು. ಹಾಗಾದರೆ ಹುಡುಗಿ ಕರೆ ತೆಗೆದುಕೊಂಡು ನುಂಗಿ ಹಾಕಿದ್ದಾಳೆ ಎಂಬುದು ಮೇಲಿನವರ ತೀರ್ಮಾನ.

"ಈಗ ಹೇಳಿ," ಎಂದಳು ಜಿಗಣೆ. "ಇಲ್ಲಿ ಎರಡು ಯಂತ್ರ ಯಾಕೆ?"

"ಇದು ದೊಡ್ಡಪ್ಪ." ತಾತ ಎಡಗಡೆಯ ಕಪಾಟು ತೋರಿಸಿದ. "ಅದು ಚಿಕ್ಕಪ್ಪ. ದೊಡ್ಡಪ್ಪ ಕರೆ ತಗೊಳ್ಳೋನು. ಯಾವ ಬೀದಿಗೆ ಯಾವ ಗಾಡಿ ಅಂತ ಹೇಳೋನು. ಅವನನ್ನ ಬೇರೆ ಯಾವುದಕ್ಕೂ ಕರೀಬಾರದು. ನಕಲು ತೆಗೆಯೋದು, ಲೆಕ್ಕ ಹಾಕೋದು, ಮೇಲಿನವರಿಗೆ ವರದಿ ಕೊಡೋದು, ಮನೆಯ ಉಳಿದ ಚಾಕರಿ ಎಲ್ಲಾ ಚಿಕ್ಕಪ್ಪನದು."

"ದೊಡ್ಡಪ್ಪನ ಹತ್ರ ಇರೋದು ಚಿಕ್ಕಪ್ಪನಿಗೆ ಹೇಗೆ ಗೊತ್ತಾಗುತ್ತೆ?"

"ಸ್ನ್ಯಾಪ್‌ಶಾಟ್." ಹೇಳುತ್ತ ತಾತನ ಮುಖದಲ್ಲಿ ಸ್ವಲ್ಪ ಜೀವ ಬಂತು. "ಒಂದು ಗಳಿಗೆಯಲ್ಲಿ ಡಿಸ್ಕ್ ಹೇಗಿದೆಯೋ ಹಾಗೇ ಫೋಟೋ ಹಿಡಿದ ಹಾಗೆ. ದೊಡ್ಡಪ್ಪನಿಗೆ ಗೊತ್ತೂ ಆಗಲ್ಲ, ಅವನ ಕೆಲಸ ಅವನು ಮಾಡ್ತಿರ್ತಾನೆ. ಆ ಫೋಟೋನ ಚಿಕ್ಕಪ್ಪನಿಗೆ ಕೊಡ್ತೀವಿ. ಅವನು ಅದನ್ನ ಮುಂದಿಟ್ಕೊಂಡು ನಿಧಾನವಾಗಿ ಬ್ಯಾಕಪ್ ತೆಗೀತಾನೆ, ಗಾಡಿಗಳು ಎಷ್ಟು ಬೇಗ ಹೋದವು ಅಂತ ಲೆಕ್ಕ ಕಟ್ತಾನೆ. ಮುಗಿದ ಮೇಲೆ ಆ ಫೋಟೋ ಅಳಿಸಿಬಿಡ್ತೀವಿ. ಮಾರನೇ ದಿನ ಹೊಸದು."

"ಒಲೆ ಮುಂದೆ ನಿಂತೋರ ಸೌಟು ಕಿತ್ಕೊಂಡು ಡಬ್ಬದಲ್ಲಿ ಉಪ್ಪೆಷ್ಟಿದೆ ಅಂತ ಕೇಳಬಾರದು ಅಂತ."

"ಅಷ್ಟೇ ಮೇಡಂ."

"ಆವತ್ತು?"

ತಾತ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ.

"ಆವತ್ತು ಫೋಟೋ ಬರಲಿಲ್ಲ," ಎಂದ ಕೊನೆಗೆ. "ಇಟ್ಕೊಳ್ಳೋಕೆ ಜಾಗ ಇರಲಿಲ್ಲ. ಬೆಳಗ್ಗೆ ಬಂದು ನೋಡಿದ್ರೆ ಚಿಕ್ಕಪ್ಪ ಬರಿಗೈಲಿ ಕೂತಿದ್ದ. ಮಧ್ಯಾಹ್ನಕ್ಕೆ ಮೇಲಿನವರು ಬರೋರಿದ್ದರು. ಡೈರೆಕ್ಟರಿಗೆ ವರದಿ ಬೇಕಾಗಿತ್ತು. ಇವತ್ತು ಆಗಲ್ಲ ಸರ್ ಅಂದೆ. ನೇರವಾಗಿ ದೊಡ್ಡಪ್ಪನ ಮೇಲೇ ಓಡಿಸು ಅಂದ್ರು. ಬೇಡ ಸರ್ ಅಂದೆ."

"ಎಷ್ಟು ಸಲ ಅಂದ್ರಿ?"

"ಒಂದೇ ಸಲ."

ಜಿಗಣೆ ಕಿತ್ತಳೆ ದೀಪದ ಕಡೆ ನೋಡಿದಳು.

"ಓಡಿಸಿದೆ. ಇಡೀ ವರ್ಷದ ಲೆಕ್ಕ. ದೊಡ್ಡಪ್ಪ ಕುತ್ತಿಗೆವರೆಗೆ ಮುಳುಗಿಬಿಟ್ಟ. ಕಾಲ್ ಹಾಲಿನಲ್ಲಿ ಸ್ಕ್ರೀನ್‌ಗಳೆಲ್ಲ ಕಲ್ಲಾದವು. ನಾನು ನಿಲ್ಲಿಸೋ ಹೊತ್ತಿಗೆ..." ಅವನು ಕನ್ನಡಕ ಹಾಕಿಕೊಂಡ. "ಆ ಹುಡುಗಿ ಸುಳ್ಳು ಹೇಳ್ತಿಲ್ಲ ಮೇಡಂ."

ಜಿಗಣೆಯ ಎದೆಯಲ್ಲಿ ಏನೋ ಸಡಿಲವಾಯಿತು. ಈ ಕೇಸು ಕೈಗೆ ಬಂದ ಮೇಲೆ ಮೊದಲ ಸಲ. ಠಾಣೆಯ ಮೆಟ್ಟಿಲ ಮೇಲೆ ಬಟ್ಟೆಯ ಚೀಲ ತಬ್ಬಿಕೊಂಡು ಕೂತಿರುವ ಹುಡುಗಿಯ ತಾಯಿ ಕಣ್ಣ ಮುಂದೆ ಬಂದಳು. ಆದರೆ ಸಂತೋಷ ಗಂಟಲು ದಾಟುವ ಮೊದಲೇ ಪೊಲೀಸ್ ಬುದ್ಧಿ ಅಡ್ಡ ಬಂತು.

"ಇದಕ್ಕೆ ಸಾಕ್ಷಿ?"

"ಇಲ್ಲ."

"ಯಂತ್ರದಲ್ಲಿ ಎಲ್ಲಾ ದಾಖಲಾಗಿರುತ್ತಲ್ಲ?"

"ಆಗಿತ್ತು. ಸಂಜೆ ಸಾವಿನ ಸುದ್ದಿ ಬಂತು. ಯಂತ್ರ ಕೆಟ್ಟಿದೆ, ಹಿಂದಿನ ದಿನದ ಬ್ಯಾಕಪ್ ತಂದು ಹಾಕು ಅಂದ್ರು ಡೈರೆಕ್ಟರ್. ಹಾಕಿದೆ. ಆವತ್ತಿನ ದಿನ ದೊಡ್ಡಪ್ಪನ ತಲೆಯಿಂದ ಅಳಿಸಿಹೋಯ್ತು. ಕರೆ, ದನಿ, ಸ್ಕ್ರೀನ್ ನಿಂತಿದ್ದು, ನಾನು ವರದಿ ಓಡಿಸಿದ್ದು, ಎಲ್ಲಾ."

"ನೀವು ಕೋರ್ಟಿನಲ್ಲಿ ಹೇಳ್ತೀರಾ?"

"ಇಲ್ಲ ಮೇಡಂ. ಕೀ ಒತ್ತಿದ್ದು ನಾನು. ಅವರು ಬಾಯಲ್ಲಿ ಹೇಳಿದ್ದು. ಗಾಳಿಗೆ ಹೋದ ಮಾತು. ಲಾಕಪ್ಪಿನಲ್ಲಿ ಆ ಹುಡುಗಿ ಜಾಗಕ್ಕೆ ನಾನು ಹೋಗ್ತೀನಿ, ಅಷ್ಟೇ ವ್ಯತ್ಯಾಸ."

ಅವನ ಮೇಲೆ ಸಿಟ್ಟು ಬರಲಿಲ್ಲ ಅವಳಿಗೆ. ಬಂದಿದ್ದರೆ ಚೆನ್ನಾಗಿತ್ತು.

"ಜಾಗ ಯಾಕಿರಲಿಲ್ಲ? ದಿನಾ ಅಳಿಸ್ತೀವಿ ಅಂದ್ರಿ."

ತಾತ ಚಿಕ್ಕಪ್ಪನ ಪರದೆಯ ಕಡೆ ತಿರುಗಿದ. ಅಲ್ಲಿ ಒಂದೇ ಒಂದು ಸಾಲಿನ ಪಕ್ಕ ಪುಟ್ಟ ಬೀಗದ ಚಿತ್ರವಿತ್ತು.

"ಇದು ಹೋದ ವರ್ಷದ ಒಂದು ದಿನ. ಯಾರೋ ಅಳಿಸಬಾರದು ಅಂತ ಬೀಗ ಹಾಕಿಟ್ಟಿದ್ದಾರೆ. ಹಳೇ ಫೋಟೋ ಇಟ್ಕೊಂಡಷ್ಟೂ ಊದ್ಕೊಳ್ಳುತ್ತೆ ಮೇಡಂ. ಯಾಕಂದ್ರೆ ದೊಡ್ಡಪ್ಪನಲ್ಲಿ ಏನೇ ಬದಲಾಗ್ಲಿ, ಆ ಜಾಗದಲ್ಲಿ ಮೊದಲೇನಿತ್ತು ಅನ್ನೋದನ್ನ ಇದು ಎತ್ತಿಟ್ಕೋಬೇಕು. ತಿಂಗಳುಗಟ್ಟಲೆ ಎತ್ತಿಟ್ಟೂ ಎತ್ತಿಟ್ಟೂ ಕೊನೆಗೆ ಹೊಸದಕ್ಕೆ ಜಾಗವೇ ಉಳೀಲಿಲ್ಲ."

"ಯಾರು ಹಾಕಿದ್ದು ಬೀಗ?"

"ನನಗೊತ್ತಿಲ್ಲ."

ಇಷ್ಟು ಹೊತ್ತು ಅವಳ ಮುಖ ನೋಡಿಯೇ ಮಾತಾಡುತ್ತಿದ್ದವನು ಈ ಮಾತನ್ನು ನೆಲ ನೋಡಿ ಹೇಳಿದ. ಜಿಗಣೆ ಕಚ್ಚಿ ಹಿಡಿಯುವಷ್ಟರಲ್ಲಿ ಜವಾನನೊಬ್ಬ ಬಾಗಿಲು ತೆರೆದ. ಡೈರೆಕ್ಟರ್ ಸಾಹೇಬರು ಮೇಡಮ್ಮನವರನ್ನು ಕರೆಯುತ್ತಿದ್ದಾರಂತೆ.

* * *

ಡೈರೆಕ್ಟರ್ ಕೋಣೆಯ ಗೋಡೆಯ ಮೇಲೆ ದೊಡ್ಡ ಟಿವಿ. ಅದರಲ್ಲಿ ಹಸಿರು ಅಂಕಿಯೊಂದು ಸದಾ ಹೊಳೆಯುತ್ತಿತ್ತು. ಕರೆ ಬಂದ ಮೇಲೆ ಗಾಡಿ ತಲುಪಲು ಹಿಡಿಯುವ ಸರಾಸರಿ ಸಮಯ ಅದು. ಸತ್ತ ಹೆಂಗಸಿನ ಲೆಕ್ಕ ಅದರಲ್ಲಿ ಸೇರಿರಲಿಲ್ಲ.

ಆತ ಎದ್ದು ನಿಂತು ಕುರ್ಚಿ ತೋರಿಸಿದ. ಕೆಮ್ಮಿನ ಮಾತ್ರೆಯೊಂದರ ಕಾಗದ ಬಿಡಿಸುತ್ತ ಮೆತ್ತಗೆ ಕೇಳಿದ:

"ಹುಡುಗಿ ಒಪ್ಪಿಕೊಂಡಳಾ?"

"ಒಪ್ಪಿಕೊಳ್ಳೋಕೆ ಏನಿದೆ ಸರ್? ಸ್ಕ್ರೀನ್ ನಿಂತಿತ್ತು."

"ಯಾರು ಹೇಳಿದ್ದು?"

"ನಾನು ಹೇಳ್ತಿದ್ದೀನಿ. ಚಿಕ್ಕ ಸರ್ವರಿನಲ್ಲಿ ಮಾಡಬೇಕಾದ ವರದಿಯನ್ನ ದೊಡ್ಡದರ ಮೇಲೆ ಓಡಿಸಿದ್ರಿ. ಅದು ಕೆಲಸದ ಹೊತ್ತು. ಊರಿನವರೆಲ್ಲ ಫೋನ್ ಮಾಡೋ ಹೊತ್ತು."

ಡೈರೆಕ್ಟರ್ ಮಾತ್ರೆ ಬಾಯಿಗೆ ಹಾಕಿಕೊಂಡ.

"ತಾತ ಪಾಪ, ಬಾಯಿ ಸಡಿಲ."

"ತಾತನ ಹೆಸರು ನಾನು ಎತ್ತಲಿಲ್ಲ."

"ಬೇಡ ಬಿಡಿ. ಸ್ಕ್ರೀನ್ ನಿಂತಿತ್ತು ಅನ್ನೋದಕ್ಕೆ ಒಂದು ಚೂರು ಪುರಾವೆ ತೋರಿಸಿ. ನಾನೇ ಠಾಣೆಗೆ ಬಂದು ಕೂರ್ತೀನಿ."

"ಪುರಾವೆ ಅಳಿಸಿದ್ದು ನೀವೇ."

"ಕೆಟ್ಟ ಯಂತ್ರ ರಿಪೇರಿ ಮಾಡಿಸಿದೆ ಮೇಡಂ. ಮಾಡಿಸದೇ ಇದ್ದಿದ್ರೆ ಅದಕ್ಕೂ ಕೇಸ್ ಹಾಕ್ತಿದ್ರಿ."

"ಕಾಲ್ ಹಾಲಿನಲ್ಲಿ ಆವತ್ತು ಇನ್ನೂ ಎಷ್ಟೋ ಜನ ಕೂತಿದ್ರು. ಅವರ ಸ್ಕ್ರೀನ್ ನಿಲ್ಲಲಿಲ್ವಾ?"

"ಕೇಳಿ ನೋಡಿ. ಒಬ್ಬೊಬ್ಬರನ್ನೇ ಕರೆಸಿ ಕೇಳಿ." ಅವನ ದನಿ ಒಂದಿಷ್ಟೂ ಏರಲಿಲ್ಲ. "ಎಲ್ಲರದೂ ಗುತ್ತಿಗೆ ಕೆಲಸ. ಈ ತಿಂಗಳು ನವೀಕರಣ."

ಜಿಗಣೆ ಆಗಲೇ ಕೇಳಿದ್ದಳು. ಒಬ್ಬರಿಗೂ ನೆನಪಿರಲಿಲ್ಲ. ಒಬ್ಬಾಕೆ ಮಾತ್ರ ಬಾತ್‌ರೂಮಿಗೆ ಹೋಗಿ ಬಂದು, ಮುಖ ತೊಳೆದುಕೊಂಡು, ಆಮೇಲೆ ನೆನಪಿಲ್ಲ ಎಂದಿದ್ದಳು.

"ಅಲ್ಲ ಮೇಡಂ," ಡೈರೆಕ್ಟರ್ ಮೇಜಿನ ಮೇಲೆ ಮುಂದಕ್ಕೆ ಬಾಗಿದ. "ಇಷ್ಟೆಲ್ಲ ಕೇಳಿದ್ರಿ. ಜಾಗ ಯಾಕೆ ತುಂಬಿತ್ತು ಅಂತ ಕೇಳಲಿಲ್ವಾ?"

"ಹಳೇ ದಿನಕ್ಕೆ ಯಾರೋ ಬೀಗ ಹಾಕಿದ್ರು."

"ಯಾರೋ ಅಲ್ಲ. ಇಲ್ಲಿ ವರದಿ ವಿಭಾಗ ನೋಡ್ಕೊಳ್ತಿದ್ದವರು. ಕೆಲಸ ಬಿಟ್ಟು ಹೋಗೋ ದಿನ ಬೀಗ ಜಡಿದು, ಯಾರಿಗೂ ಹೇಳದೆ ಹೋದ್ರು." ಆತ ಮಾತ್ರೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹೊರಳಿಸಿದ. ಮುಂದಿನ ಮಾತನ್ನೇ ಚಪ್ಪರಿಸುತ್ತಿದ್ದ ಹಾಗಿತ್ತು. "ದರ್ಜಿಯ ಹೆಂಡತಿ."

ಜಿಗಣೆ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

ದರ್ಜಿ ಹೇಳಿದ್ದ. "ಮೊದಲು ಆಫೀಸಿಗೆ ಹೋಗ್ತಿದ್ದಳು ಮೇಡಂ, ಆಮೇಲೆ ಬಿಟ್ಟಳು." ಯಾವ ಆಫೀಸು ಎಂದು ತಾನು ಕೇಳಿರಲಿಲ್ಲ. ಹೆಣದ ಮುಂದೆ ಕೂತವನನ್ನು ಅಷ್ಟು ಕೆದಕಲು ಮನಸ್ಸು ಬಂದಿರಲಿಲ್ಲ.

"ಆಕೆ ಹಾಕಿದ ಬೀಗದಿಂದ ಜಾಗ ಇಲ್ಲದಾಯ್ತು. ಜಾಗ ಇಲ್ಲದ್ದರಿಂದ ಫೋಟೋ ಬರಲಿಲ್ಲ. ಮಿಕ್ಕಿದ್ದು ನಿಮಗೇ ಗೊತ್ತು. ನಿಮ್ಮ ಕಥೆ ನಿಜವೇ ಅಂತ ಇಟ್ಕೊಳ್ಳೋಣ, ಈಗ ಹೇಳಿ, ಯಾರನ್ನ ಹಿಡೀತೀರಿ? ಸತ್ತವರನ್ನೇ?"

"ಆ ಸ್ನ್ಯಾಪ್‌ಶಾಟ್ ನನಗೆ ಬೇಕು."

"ಕೋರ್ಟಿನ ಆದೇಶ ತನ್ನಿ. ಬೀಗ ತೆಗೆಯೋಕೆ ಮೇಲಿಂದ ಅನುಮತಿ ಇವತ್ತು ಬಂದಿದೆ. ಸಂಜೆಯೊಳಗೆ ಅಳಿಸ್ತೀವಿ."

"ಅದು ಸಾಕ್ಷ್ಯ ಸರ್."

"ಅದು ಇರೋವರೆಗೆ ಹೊಸ ಫೋಟೋ ಬರಲ್ಲ. ಬ್ಯಾಕಪ್ ಇಲ್ಲ. ನಾಳೆ ದೊಡ್ಡ ಸರ್ವರ್ ಸತ್ತರೆ ಈ ಊರಿಗೆ ಆಂಬ್ಯುಲೆನ್ಸೇ ಇಲ್ಲ. ಇನ್ನೊಬ್ಬರ ಹೆಂಡತಿ ಹೋಗಬೇಕಾ?"

ಅವಳಿಗೆ ಮೈಯೆಲ್ಲ ಉರಿದದ್ದು ಆತ ಸುಳ್ಳು ಹೇಳುತ್ತಿದ್ದಾನೆ ಎಂದಲ್ಲ. ಈ ಒಂದು ಮಾತಿನಲ್ಲಿ ಆತ ಹೇಳುತ್ತಿರುವುದು ಸರಿಯಾಗಿತ್ತು.

ಹೊರಗೆ ಬಂದು ತನ್ನ ಮೇಲಧಿಕಾರಿಗೆ ಫೋನ್ ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು, "ನೋಡಮ್ಮ, ಆ ಯಂತ್ರಕ್ಕೆ ಕೈ ಹಾಕಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನನ್ನೂ ಉಳಿಸೋಕಾಗಲ್ಲ, ನನ್ನನ್ನೂ ಉಳಿಸೋಕಾಗಲ್ಲ. ಹುಡುಗಿ ಮೇಲೆ ಚಾರ್ಜ್‌ಶೀಟ್ ಹಾಕು. ಮುಗಿಸು."

* * *

ದರ್ಜಿಯ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಒಂದು ಹೊಲಿಗೆ ಯಂತ್ರ, ಕತ್ತರಿಸಿದ ಬಟ್ಟೆಯ ಚೂರುಗಳು ತುಂಬಿದ ಗೋಣಿಚೀಲ, ಗೋಡೆಗೆ ನೇತುಹಾಕಿದ ಅರ್ಧ ಹೊಲಿದ ಅಂಗಿಗಳು. ಅವನು ಮಗಳ ಶಾಲೆಯ ಲಂಗದ ಅಂಚು ಬಿಚ್ಚುತ್ತಿದ್ದ. ಹುಡುಗಿ ಬೆಳೆದಿದ್ದಳು, ಉದ್ದ ಮಾಡಬೇಕಿತ್ತು.

"ಕೂತ್ಕೊಳ್ಳಿ ಮೇಡಂ." ಎದ್ದು ಸ್ಟೂಲಿನ ಮೇಲಿನ ನೂಲು ಒರೆಸಿದ. ಒಳಗಿನಿಂದ ಅವನ ಅಕ್ಕ ಟೀ ತಂದಿಟ್ಟಳು. ತಮ್ಮನ ಮನೆ ನೋಡಿಕೊಳ್ಳಲು ಬಂದವಳು. ಲೋಟ ಎಲ್ಲಿದೆ, ಸಕ್ಕರೆ ಎಲ್ಲಿದೆ ಎಂದು ಇನ್ನೂ ಹುಡುಕಾಡುವ ಸದ್ದು ಅಡುಗೆಮನೆಯಿಂದ ಕೇಳುತ್ತಿತ್ತು.

"ಗಾಡಿ ಯಾಕೆ ಬರಲಿಲ್ಲ ಅಂತ ಗೊತ್ತಾಯ್ತಾ?"

ಜಿಗಣೆ ಟೀ ಕುಡಿದಳು. ನಾಲಿಗೆ ಸುಟ್ಟಿತು.

"ನಿಮ್ಮ ಮನೆಯವರು ಕಂಟ್ರೋಲ್ ರೂಮಿನಲ್ಲೇ ಕೆಲಸ ಮಾಡ್ತಿದ್ರು ಅಂತ ಹೇಳಲೇ ಇಲ್ವಲ್ಲ."

"ನೀವು ಕೇಳಲಿಲ್ಲ." ಅದರಲ್ಲಿ ಆಕ್ಷೇಪಣೆ ಇರಲಿಲ್ಲ. "ಅಲ್ಲಿಂದ ಬಂದ ಮೇಲೆ ಆ ಮಾತೇ ಎತ್ತಬಾರದು ಅಂದಿದ್ದಳು. ಕೊನೇ ದಿನ ಬಂದವಳೇ ಚಪ್ಪಲಿ ಕೂಡ ಬಿಡದೆ ಇಲ್ಲೇ ಕೂತಳು. ಈ ಸ್ಟೂಲಿನ ಮೇಲೆ. ಒಂದು ದಿನಕ್ಕೆ ಬೀಗ ಹಾಕಿ ಬಂದಿದ್ದೀನಿ ರೀ ಅಂದಳು. ದಿನಕ್ಕೆ ಬೀಗ ಹಾಕೋಕಾಗುತ್ತೇನೆ ಅಂತ ನಗಾಡಿದೆ. ಅವಳು ನಗಲಿಲ್ಲ."

"ಇನ್ನೇನಾದ್ರೂ ಅಂದ್ರಾ?"

"ಯಾವತ್ತಾದ್ರೂ ಯಾರಾದ್ರೂ ಕೇಳ್ಕೊಂಡು ಬರ್ತಾರೆ ಅಂದಳು. ಅವರಿಗೆ ಅದನ್ನ ತೆರೆದು ನೋಡೋಕೆ ಹೇಳಿ ಅಂದಳು." ಅವನು ಸೂಜಿಯನ್ನು ಅಂಗಿಯ ಎದೆಗೆ ಚುಚ್ಚಿಕೊಂಡ. "ನೀವು ಬಂದ್ರಿ."

ಅವನಿಗೆ ಏನು ಹೇಳಬೇಕು? ಆ ಬೀಗವೇ ಗಾಡಿಯನ್ನು ತಡೆಯಿತು ಎಂದೇ?

"ಅವರು ಫೋನಲ್ಲಿ ಗಾಡಿ ಹೊರಟಿದೆ ಅಂದ್ರು," ದರ್ಜಿ ಲಂಗವನ್ನು ಮಡಿಸುತ್ತ ಬಿಡಿಸುತ್ತ ಹೇಳಿದ. "ನಮ್ಮ ಬೀದಿ ಸಿಗೋದು ಕಷ್ಟ ಅಲ್ವಾ, ದಾರಿ ತೋರಿಸೋಣ ಅಂತ ತಿರುವಿನಲ್ಲಿ ಹೋಗಿ ನಿಂತೆ. ಎರಡು ಆಟೋ ನನ್ನ ಮುಂದೇ ಹೋದ್ವು. ಕೈ ತೋರಿಸಲಿಲ್ಲ. ಗಾಡಿ ಬರ್ತಿದೆಯಲ್ಲ ಅಂತ. ಒಳಗೆ ಅವಳೊಬ್ಬಳೇ..."

ಅವನ ಅಕ್ಕ ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶಾಲೆಯಿಂದ ಬಂದ ಮಗಳು ಚೀಲ ಹೆಗಲಲ್ಲೇ ಇಟ್ಟುಕೊಂಡು ಅತ್ತೆಯ ಪಕ್ಕ ನಿಂತಿದ್ದಳು.

ಜಿಗಣೆ ಹಾಗೆಲ್ಲ ಮಾತು ಕೊಡುವವಳಲ್ಲ. ಆದರೆ ಆ ಮೂರು ಮುಖಗಳ ಎದುರು ಸುಮ್ಮನೆ ಎದ್ದು ಬರಲಾಗಲಿಲ್ಲ.

"ನಿಮ್ಮ ಮನೆಯವರು ಅಲ್ಲಿ ಏನೋ ಅನ್ಯಾಯ ಕಂಡಿದ್ರು," ಎಂದಳು. "ಯಾರೂ ಅಳಿಸದ ಹಾಗೆ ಅದನ್ನ ಕಾಪಾಡಿಟ್ಟು ಬಂದ್ರು. ಅಷ್ಟು ಧೈರ್ಯ ಅಲ್ಲಿ ಇನ್ಯಾರಿಗೂ ಇಲ್ಲ. ಇವತ್ತೂ ಇಲ್ಲ."

ದರ್ಜಿ ಲಂಗವನ್ನು ಪಕ್ಕಕ್ಕಿಟ್ಟ. ಆಮೇಲೆ ಮಗಳ ಕಡೆ ತಿರುಗಿದ.

"ಕೇಳಿಸ್ಕೊಂಡ್ಯಾ ಪುಟ್ಟಿ? ನಿಮ್ಮಮ್ಮನ ವಿಷಯ ಪೊಲೀಸಿನವರೇ ಹೇಳ್ತಿದ್ದಾರೆ."

ಹುಡುಗಿ ತಲೆಯಾಡಿಸಿದಳು. ಸಾವಿನ ಮನೆಗೆ ಬಂದು ಹೋಗುವವರೆಲ್ಲ ಹೇಳಿದ ಸಮಾಧಾನಗಳಲ್ಲಿ ಇದೊಂದನ್ನು ಅವಳು ಎತ್ತಿಟ್ಟುಕೊಂಡಳು ಎಂಬುದು ನೋಡಿದರೆ ಗೊತ್ತಾಗುತ್ತಿತ್ತು.

* * *

ಬಿಸಿಲು ಇಳಿಯುವ ಮುನ್ನ ಜಿಗಣೆ ಮತ್ತೆ ಆ ತಣ್ಣನೆಯ ಕೋಣೆಗೆ ಬಂದಳು. ತಾತ ಚಿಕ್ಕಪ್ಪನ ಮುಂದೆ ಕೂತಿದ್ದ. ಪರದೆಯ ಮೇಲೆ ಪ್ರಶ್ನೆಯೊಂದು ಕಾಯುತ್ತಿತ್ತು. ಬೀಗ ತೆಗೆದು ಅಳಿಸುವುದೇ? ಹೌದು, ಇಲ್ಲ.

"ಡೈರೆಕ್ಟರ್ ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ," ಎಂದ.

"ತೆರೆದು ತೋರಿಸಿ. ಆಮೇಲೆ ಏನಾದ್ರೂ ಮಾಡ್ಕೊಳ್ಳಿ."

"ಮೇಡಂ, ನಾನು..."

"ಚಿಕ್ಕಪ್ಪನ ಹತ್ರ ತೆರೆದ್ರೆ ದೊಡ್ಡಪ್ಪನಿಗೆ ತೊಂದರೆ ಇಲ್ಲ ಅಂತ ನೀವೇ ಹೇಳಿದ್ರಿ. ಯಾರ ಬೀಗ ಅಂತ ನಿಮಗೆ ಮೊದಲೇ ಗೊತ್ತಿತ್ತು. ಆಕೆ ನಿಮ್ಮ ಜೊತೆ ಕೆಲಸ ಮಾಡಿದೋಳು. ಅದನ್ನೂ ನುಂಗ್ಕೊಂಡ್ರಿ. ಇದೊಂದು ಮಾಡಿ."

ತಾತ "ಇಲ್ಲ" ಒತ್ತಿದ. ಅವನ ಬೆರಳುಗಳು ಕೀಲಿಗಳ ಮೇಲೆ ಓಡಿದವು. ಹೋದ ವರ್ಷದ ಆ ದಿನ ನಿಧಾನವಾಗಿ ಪರದೆಯ ಮೇಲೆ ತೆರೆದುಕೊಂಡಿತು. ಆ ದಿನ ಬಂದ ಕರೆಗಳೆಲ್ಲ ಒಂದರ ಕೆಳಗೊಂದು. ಪಕ್ಕದಲ್ಲಿ, ಅದೇ ದಿನದ ಬಗ್ಗೆ ದೊಡ್ಡಪ್ಪನ ಬಳಿ ಈಗ ಉಳಿದಿರುವ ಕರೆಗಳನ್ನು ತಂದಿಟ್ಟ.

ಎರಡೂ ಒಂದೇ ಆಗಿರಲಿಲ್ಲ.

"ಇಲ್ಲಿರೋ ಇಷ್ಟೊಂದು ಕರೆ ಅಲ್ಲಿಲ್ಲ," ತಾತ ಪಿಸುಗುಟ್ಟಿದ. "ಹುಸಿ ಕರೆ ಅಂತ ಗುರುತು ಮಾಡಿದ್ದಾರೆ. ಹುಸಿ ಅಂತ ಒತ್ತಿದ್ರೆ ಅದು ಲೆಕ್ಕಕ್ಕೆ ಬರಲ್ಲ. ಆಮೇಲೆ ವಾರಕ್ಕೊಮ್ಮೆ ಯಂತ್ರವೇ ಗುಡಿಸಿ ಹಾಕುತ್ತೆ. ಈ ಫೋಟೋ ಅದಕ್ಕೆ ಮುಂಚೆ ಹಿಡಿದಿದ್ದು."

"ತಮಾಷೆಗೆ ಫೋನ್ ಮಾಡೋರು ಇರ್ತಾರಲ್ಲ?"

"ಓದಿ ಮೇಡಂ."

ಓದಿದಳು. ಕರೆ ತೆಗೆದುಕೊಂಡವರು ಆತುರದಲ್ಲಿ ಟೈಪ್ ಮಾಡಿದ ತುಂಡು ಮಾತುಗಳು. ಎದೆನೋವು, ಮಾತು ನಿಂತಿದೆ. ಮಗು ನೀಲಿಯಾಗಿದೆ, ತಾಯಿ ಅಳುತ್ತಿದ್ದಾರೆ. ಮತ್ತೆ ಅದೇ ಮನೆ, ಮಗು ಅಲುಗಾಡುತ್ತಿಲ್ಲ. ಮತ್ತೆ ಅದೇ ಮನೆ, ಗಾಡಿ ಬೇಡ ಎನ್ನುತ್ತಿದ್ದಾರೆ. ಪ್ರತಿಯೊಂದರ ಪಕ್ಕದಲ್ಲೂ ಹುಸಿ ಕರೆ, ಹುಸಿ ಕರೆ, ಹುಸಿ ಕರೆ.

ಕಳಿಸಲು ಗಾಡಿ ಇರಲಿಲ್ಲ. ಇಲ್ಲವೆಂದು ಬರೆದರೆ ಡೈರೆಕ್ಟರ್ ಕೋಣೆಯ ಗೋಡೆಯ ಮೇಲಿನ ಅಂಕಿ ಕೆಂಪಾಗುತ್ತಿತ್ತು.

ಜಿಗಣೆ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಕಳ್ಳತನ, ಕೊಲೆ ಎಲ್ಲ ನೋಡಿದವಳು. ಮಗು ಸತ್ತ ಮೇಲೆ ಆ ಕರೆಯೇ ಸುಳ್ಳು ಎಂದು ಬರೆಯುವುದನ್ನು ಮೊದಲ ಸಲ ನೋಡುತ್ತಿದ್ದಳು.

"ಒತ್ತಿದ್ದು ಯಾರು?"

ತಾತ ಇನ್ನೊಂದು ಅಂಕಣ ತೆರೆದ. ಒಂದೇ ಲಾಗಿನ್. ಮೇಲಿನಿಂದ ಕೆಳಗಿನವರೆಗೆ ಅದೇ.

ಅದನ್ನು ಜಿಗಣೆ ಎಷ್ಟೋ ಸಲ ಕಡತದಲ್ಲಿ ಓದಿದ್ದಳು. ಲಾಕಪ್ಪಿನಲ್ಲಿರುವ ಹುಡುಗಿಯದು.

ಯಾರನ್ನು ಬಿಡಿಸಲೆಂದು ಇಲ್ಲಿಯವರೆಗೆ ಬಂದಳೋ ಅವಳ ಕುತ್ತಿಗೆಗೇ ಬೀಳುವ ಹಗ್ಗ ಇದು. ಹಾಗಾದರೆ ದರ್ಜಿಯ ಹೆಂಡತಿ ಬೀಗ ಹಾಕಿದ್ದು ಈ ಹುಡುಗಿಯನ್ನು ಹಿಡಿದುಕೊಡಲೆಂದೇ? ಹಾಗಾದರೆ ಆವತ್ತು ಆಕೆಯ ವಿಳಾಸ ಕಿವಿಗೆ ಬಿದ್ದಾಗ ಹುಡುಗಿ...

"ಇದನ್ನ ನನಗೊಂದು ನಕಲು ಹಾಕಿಕೊಡಿ."

"ಕೊಡ್ತೀನಿ. ಆದ್ರೆ ಬೀಗ ಇರೋ ಮೂಲ ಅಳಿಸಿದ ಮೇಲೆ ಇದನ್ನ ಯಾರು ನಂಬ್ತಾರೆ? ಪೊಲೀಸಿನವರೇ ಕೂತು ಟೈಪ್ ಮಾಡಿದ್ದು ಅಂತಾರೆ."

ಅದೂ ನಿಜವೇ. ಮೂಲ ಉಳಿದರೆ ಊರಿನ ಆಂಬ್ಯುಲೆನ್ಸ್ ಬ್ಯಾಕಪ್ ಇಲ್ಲದೆ ನಾಳೆಯೂ ನೂಲಿನ ಮೇಲೆ ನಡೆಯಬೇಕು. ಅಳಿಸಿದರೆ ಈ ಮಕ್ಕಳು, ಈ ಮುದುಕರು ಎರಡನೇ ಸಲ ಸಾಯುತ್ತಾರೆ. ಯಾವ ಕಡೆ ಎಳೆದರೂ ಇನ್ನೊಂದು ಕಡೆ ಹರಿಯುವ ಬಟ್ಟೆ.

ತಾತನ ಫೋನ್ ಮತ್ತೆ ಬಡಿದುಕೊಂಡಿತು. ಅವನು ಅದನ್ನು ಮಗುಚಿಟ್ಟ.

"ಅಳಿಸೋಕೆ ಹೋದ್ರೆ ಏನೋ ದೋಷ ಬರ್ತಿದೆ ಅಂತ ಹೇಳಿ ನಾಳೆ ಬೆಳಗಿನವರೆಗೆ ತಳ್ತೀನಿ," ಎಂದ. "ಅದಕ್ಕಿಂತ ಜಾಸ್ತಿ ನನ್ನ ಕೈಲಾಗಲ್ಲ."

* * *

ಠಾಣೆಯಲ್ಲಿ ದೀಪ ಹಾಕುವ ಹೊತ್ತು. ಜಿಗಣೆ ಪೇದೆಯನ್ನು ಹೊರಗೆ ಕಳಿಸಿ ತಾನೇ ಬಾಗಿಲು ತೆರೆದು ಒಳಗೆ ಹೋದಳು. ಹುಡುಗಿ ಗೋಡೆಗೆ ಒರಗಿ, ಮಂಡಿ ತಬ್ಬಿಕೊಂಡು ಕೂತಿದ್ದಳು. ಇಪ್ಪತ್ತರ ಆಚೀಚೆ. ಅತ್ತು ಅತ್ತು ಮುಖ ಬಾತುಕೊಂಡಿತ್ತು.

ಎದುರಿಗೆ ಜಿಗಣೆಯೂ ನೆಲದ ಮೇಲೇ ಕೂತಳು.

"ದರ್ಜಿಯ ಹೆಂಡತಿ ಯಾರು ಅಂತ ನಿನಗೆ ಗೊತ್ತಿತ್ತಾ?"

ಹುಡುಗಿ ತಲೆ ಎತ್ತಲಿಲ್ಲ.

"ಬೀಗ ತೆರೆದು ನೋಡಿದ್ದೀನಿ. ಹೋದ ವರ್ಷದ್ದು. ಹುಸಿ ಕರೆಗಳು."

ಹುಡುಗಿಯ ಬೆರಳುಗಳು ಮಂಡಿಯ ಮೇಲೆ ಬಿಗಿಯಾದವು.

"ಗೊತ್ತಿತ್ತು ಮೇಡಂ."

"ಹುಸಿ ಅಂತ ಒತ್ತಿದ್ದು ನೀನೇನಾ? ನಿನ್ನ ಹೆಸರಿನಲ್ಲಿ ಬೇರೆ ಯಾರಾದ್ರೂ ಒತ್ತಿದ್ರಾ?"

"ನಾನೇ."

"ಡೈರೆಕ್ಟರ್ ಹೇಳಿದ್ರಾ?"

"ಅವರು ಕಾಲ್ ಹಾಲಿಗೆ ಬಂದಿದ್ದನ್ನೇ ನಾನು ನೋಡಿಲ್ಲ."

"ಮತ್ತೆ ಯಾರು?"

"ಅಕ್ಕ."

"ಯಾವ ಅಕ್ಕ?"

ಈಗ ಹುಡುಗಿ ತಲೆ ಎತ್ತಿದಳು.

"ವರದಿ ವಿಭಾಗದವರು. ನನ್ನ ಪಕ್ಕ ಕುರ್ಚಿ ಹಾಕ್ಕೊಂಡು ಕೂರ್ತಿದ್ರು. ಯಾವ ಕರೆಯಿಂದ ಲೆಕ್ಕ ಕೆಡುತ್ತೆ ಅಂತ ಬೆರಳಿಟ್ಟು ತೋರಿಸ್ತಿದ್ರು. ಇದನ್ನ ಒತ್ತು, ಇದನ್ನ ಒತ್ತು. ಗಾಡಿ ಹೇಗೂ ಇಲ್ವಲ್ಲ, ನೀನು ಒತ್ತಿದ್ರೂ ಒತ್ತದಿದ್ರೂ ಅವರಿಗೆ ಅಷ್ಟೇ ಅಂತಿದ್ರು. ಆ ಮಗುವಿನ ಮನೆಯಿಂದ ಮತ್ತೆ ಮತ್ತೆ ಫೋನ್ ಬಂತಲ್ಲ, ಆವತ್ತೂ ಪಕ್ಕದಲ್ಲೇ ಇದ್ರು. ಆಮೇಲೆ ಅವರಿಗೇ ತಡ್ಕೊಳ್ಳೋಕಾಗಲಿಲ್ಲ ಅನ್ಸುತ್ತೆ. ಕೆಲಸ ಬಿಟ್ರು. ಹೋಗೋವಾಗ ನನ್ನ ಕೈ ಹಿಡ್ಕೊಂಡು, ಎಲ್ಲಾ ಭದ್ರವಾಗಿ ಇಟ್ಟಿದ್ದೀನಿ ಅಂದ್ರು." ಅವಳ ದನಿ ಒಡೆಯಿತು. "ಅದರಲ್ಲಿರೋದು ನನ್ನ ಹೆಸರು ಮೇಡಂ. ಅವರದ್ದು ಎಲ್ಲೂ ಇಲ್ಲ."

ಜಿಗಣೆಯ ಕಿವಿಯಲ್ಲಿ ತನ್ನದೇ ಮಾತು ಗುಂಯ್ ಎಂದಿತು. ಕೆಲವೇ ಗಂಟೆಗಳ ಹಿಂದೆ ಒಂದು ಮಗುವಿಗೆ ಅದರ ತಾಯಿಯ ಬಗ್ಗೆ ಹೇಳಿ ಬಂದ ಮಾತು.

ಈ ಹುಡುಗಿ ಸುಳ್ಳು ಹೇಳುತ್ತಿರಬಹುದು. ನಿಜವನ್ನೂ ಹೇಳುತ್ತಿರಬಹುದು. ಹೌದು ಅಲ್ಲ ಎನ್ನಬೇಕಾದವಳು ಮಣ್ಣಾಗಿದ್ದಳು.

"ಆವತ್ತು ಫೋನಿನಲ್ಲಿ ವಿಳಾಸ ಕೇಳಿದ ಕೂಡಲೇ ಅವರ ಮನೆ ಅಂತ ಗೊತ್ತಾಯ್ತಾ?"

"ಹೂಂ."

"ಆಮೇಲೆ ಗಾಡಿ ಕಳಿಸೋಕೆ ಒತ್ತಿದೆ. ಸ್ಕ್ರೀನ್ ನಿಂತಿತ್ತು. ಅಲ್ವಾ?"

ಹುಡುಗಿ ತನ್ನ ಬಲಗೈಯನ್ನು ಮೇಲೆತ್ತಿ, ಯಾರದೋ ಕೈಯೆಂಬಂತೆ ತಿರುಗಿಸಿ ನೋಡಿದಳು.

"ಎರಡೂ ನಿಂತಿತ್ತು ಮೇಡಂ," ಎಂದಳು. "ಮೊದಲು ನಿಂತಿದ್ದು ಯಾವುದು ಅಂತ ನನಗೇ ಗೊತ್ತಿಲ್ಲ. ಸ್ಕ್ರೀನೋ, ನನ್ನ ಕೈಯೋ."